ಕೈ ಬಿಟ್ಟ ಮೇಲೂ ನಾಡಿ ಎಣಿಸಿದ ಹುಡುಗಿ

ದೆವ್ವ, ಭಾನಾಮತಿ, ಮೈಮೇಲೆ ಬರುವುದು, ಇವುಗಳಲ್ಲಿ ಯಾವುದನ್ನೂ ನಾನು ನಂಬಿದವನಲ್ಲ. ನಮ್ಮ ಶಿರಗುಪ್ಪಿಯಲ್ಲಿ ಕಬ್ಬಿನ ಹೊಲದ ಬದುವಿನ ಮೇಲೆ ಯಾರಿಗೋ ಯಾರೋ ಕಂಡರೆಂಬ ಮಾತು ಶುರುವಾದರೆ ಸಾಕು, ಅಲ್ಲಿಂದ ಎದ್ದು ಹೋಗುತ್ತಿದ್ದೆ. ಮನಸ್ಸು ಸರಿಯಿಲ್ಲದ ದಿನ ಜಗಳಕ್ಕೇ ನಿಲ್ಲುತ್ತಿದ್ದೆ. ಮುಂದೆ ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೇಲಂತೂ ಕೇಳುವುದೇ ಬೇಡ. ಎಷ್ಟು ಹೆಣಗಳಿಗೆ ಬಟ್ಟೆ ಸುತ್ತಿದ್ದೇನೋ ಲೆಕ್ಕವಿಟ್ಟಿಲ್ಲ. ಒಂದೂ ಎದ್ದು ಕೂತು ನನ್ನ ಕ್ಷೇಮ ವಿಚಾರಿಸಲಿಲ್ಲ.

ಆದ್ದರಿಂದ ಈಗ ಹೇಳಹೊರಟಿರುವುದನ್ನು ಓದಿ ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ನಕ್ಕು ಮುಗಿಸಿದ ಮೇಲೆ ‘ನಿಮಗೆ ಹಾಗೆ ಅನಿಸಿರಬೇಕು ಬಿಡಿ’ ಎಂದು ಮಾತ್ರ ಸಮಾಧಾನ ಹೇಳಲು ಬರಬೇಡಿ. ಆ ಸಮಾಧಾನ ನನ್ನ ಮಕ್ಕಳು ಹೇಳಿದ್ದಾರೆ, ಒಬ್ಬ ಡಾಕ್ಟರು ಹೇಳಿದ್ದಾರೆ. ನನಗೆ ಅನಿಸಲಿಲ್ಲ, ಅದು ಆಯಿತು. ಆದದ್ದನ್ನು ಆಗಲಿಲ್ಲ ಎಂಬಂತೆ ಒಮ್ಮೆ ನಾನೇ ಜಾರಿಕೊಂಡೆ, ಅದಕ್ಕೆ ಒಬ್ಬ ಹುಡುಗಿ ಬೆಲೆ ತೆತ್ತಳು. ಇನ್ನು ಜಾರಿಕೊಳ್ಳುವ ಮನಸ್ಸಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಅಥಣಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದಲಾಗದೆ, ಚಿಕ್ಕೋಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಆಗಿ ಸೇರಿ ಆಗಲೇ ಬಹಳ ವರ್ಷಗಳಾಗಿದ್ದವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅದಕ್ಕೆ ಅಂಟಿಕೊಂಡು ದಾದಿಯರ ತರಬೇತಿ ಶಾಲೆಯೊಂದಿತ್ತು. ರಾಯಬಾಗ, ಕಾಗವಾಡ, ನಿಪ್ಪಾಣಿ ಕಡೆಯ ಹಳ್ಳಿಗಳ ಹುಡುಗಿಯರು ಬಂದು ಅಲ್ಲೇ ಹಾಸ್ಟೆಲಿನಲ್ಲಿದ್ದು ಕಲಿಯುತ್ತಿದ್ದರು. ಗಡಿಯ ಆಚೆಯ ಮರಾಠಿ ಆಸ್ಪತ್ರೆಗಳಲ್ಲಿ ನಮ್ಮಂಥವರನ್ನು ‘ಮಾಮಾ’ ಎಂದೂ ಆಯಾಗಳನ್ನು ‘ಮಾವಶಿ’ ಎಂದೂ ಕಲಿಸುವ ಟ್ಯೂಟರನ್ನು ‘ಬಾಯಿ’ ಎಂದೂ ಕರೆಯುವ ರೂಢಿ. ಅದು ನಮ್ಮಲ್ಲಿಗೂ ಬಂದಿತ್ತು. ಹೀಗಾಗಿ ನಾನು ಎಲ್ಲ ಹುಡುಗಿಯರಿಗೂ ಮಾಮಾ.

ದಾದಿಯರ ಪರೀಕ್ಷೆ ಬರೀ ಕಾಗದದ ಮೇಲೆ ಮುಗಿಯುವುದಲ್ಲ. ರೋಗಿಯನ್ನು ಮಲಗಿಸಿದಲ್ಲೇ ಹಾಸಿಗೆ ಬದಲಿಸಬೇಕು, ಮೈ ಒರೆಸಬೇಕು, ಜ್ವರ ನೋಡಬೇಕು, ಗಾಯ ಕಟ್ಟಬೇಕು. ಎದುರಿಗೆ ಟ್ಯೂಟರ್ ನಿಂತು ಕೈ ಹೇಗೆ ಓಡುತ್ತದೆ, ರೋಗಿಯ ಜೊತೆ ಮಾತು ಹೇಗಿದೆ ಎಂದು ನೋಡುತ್ತಿರುತ್ತಾರೆ. ನಿಜವಾದ ರೋಗಿಗಳ ಮೇಲೆ ಹೊಸಬರನ್ನು ಬಿಟ್ಟರೆ ಅವರ ಮನೆಯವರು ಜಗಳ ತೆಗೆಯುತ್ತಿದ್ದರು. ಅದಕ್ಕೆ ಇಂಥ ದಿನಗಳಲ್ಲಿ ನಾನೇ ರೋಗಿ. ಮಂಚದ ಮೇಲೆ ಮಲಗುವುದು, ಅವರು ಹೇಳಿದ ಕಡೆ ಹೊರಳುವುದು, ಬೇಕಾದಾಗ ನರಳುವುದು. ನಮ್ಮ ಅವ್ವ ಎಳವೆಯಲ್ಲಿ ನನ್ನನ್ನು ಒರೆಸಿದ್ದಕ್ಕಿಂತ ಹೆಚ್ಚು ಸಲ ಆ ಹುಡುಗಿಯರು ನನ್ನನ್ನು ಒರೆಸಿದ್ದಾರೆ.

ನನಗೆ ಒಂದು ಆಟ ಗೊತ್ತಿತ್ತು. ನಿಪ್ಪಾಣಿ ಸಂತೆಯಲ್ಲಿ ಒಬ್ಬ ಜಾದೂ ಮಾಡುವವನು ತನ್ನ ನಾಡಿಯನ್ನು ತಾನೇ ನಿಲ್ಲಿಸಿ ತೋರಿಸುತ್ತಿದ್ದ. ಜನ ಕೈ ಹಿಡಿದು ನೋಡಿ ಬೆರಗಾಗುತ್ತಿದ್ದರು. ಅವನಿಗೆ ಚಹಾ ಕುಡಿಸಿ ಗುಟ್ಟು ತಿಳಿದುಕೊಂಡಿದ್ದೆ. ಕಂಕುಳಲ್ಲಿ ಒಂದು ನಿಂಬೆಹಣ್ಣಿಟ್ಟು ತೋಳನ್ನು ಬಿಗಿಯಾಗಿ ಒತ್ತಿ ಹಿಡಿದರೆ ಕೈಗೆ ರಕ್ತ ಹರಿಯುವುದು ನಿಲ್ಲುತ್ತದೆ, ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ. ಅಷ್ಟೇ. ನಾನು ನಿಂಬೆಯ ಬದಲು ಬ್ಯಾಂಡೇಜಿನ ಉಂಡೆ ಇಟ್ಟುಕೊಂಡು, ರೋಗಿಯಾಗಿ ಮಲಗಿದಾಗ ಹುಡುಗಿಯರನ್ನು ಹೆದರಿಸಿ ನಗುತ್ತಿದ್ದೆ.

ಒಂದು ದಿನ ಟ್ಯೂಟರ್ ಬಾಯಿಗೆ ಇದು ಗೊತ್ತಾಯಿತು. ಬಯ್ಯುತ್ತಾರೆಂದುಕೊಂಡೆ. ಅವರು ಬಯ್ಯಲಿಲ್ಲ, ಆ ಆಟವನ್ನೇ ಪರೀಕ್ಷೆ ಮಾಡಿಬಿಟ್ಟರು. ಏಕೆಂದರೆ ನಾಡಿ ಸಿಗದ ಹುಡುಗಿಯರಲ್ಲಿ ಹೆಚ್ಚಿನವರು ಪುಸ್ತಕದಲ್ಲಿರುವಂತೆ ಎಪ್ಪತ್ತೆರಡು ಎಂದು ಧೈರ್ಯವಾಗಿ ಬರೆಯುತ್ತಿದ್ದರು.

“ಸತ್ತಾವನ ಕೈ ಕೊಟ್ರೂ ಎಪ್ಪತ್ತೆರಡು ಬರೀತೀರಲ್ಲ! ಸಿಗಲಿಲ್ಲ ಅನ್ನಾಕ ನಿಮ್ಮ ಬಾಯಿಗೆ ಏನ ಆಗೈತಿ?” ಎಂದು ಬಾಯಿ ಕೂಗಾಡುತ್ತಿದ್ದರು.

‘ಸಿಗಲಿಲ್ಲ, ಇನ್ನೊಂದು ಕೈ ನೋಡುತ್ತೇನೆ’ ಎಂದವಳು ಪಾಸು. ಇಲ್ಲದ್ದನ್ನು ಇದೆ ಎಂದವಳು ನಪಾಸು. ಈಗಲೂ ಹೇಳುತ್ತೇನೆ, ಅದು ಒಳ್ಳೆಯ ಪರೀಕ್ಷೆ. ಕೈ ಕಲಿಯುವುದು ಸುಲಭ, ಕಂಡದ್ದನ್ನು ಕಂಡಂತೆ ಹೇಳುವುದು ಕಷ್ಟ. ಅದನ್ನು ಕೆಡಿಸಿದವನು ನಾನು. ಒಂದು ವರ್ಷ ಹಾಸ್ಟೆಲಿನ ಹುಡುಗಿಯರು ಅಳುತ್ತ ಕೂತದ್ದನ್ನು ನೋಡಲಾರದೆ, ‘ಮಾಮಾನ ಕೈಯಾಗ ನಾಡಿ ಇಲ್ಲ ಅನ್ರಿ, ಮುಗೀತು’ ಎಂದು ಹೇಳಿಬಿಟ್ಟೆ. ದೊಡ್ಡವರಿಂದ ಸಣ್ಣವರಿಗೆ ಅದು ದಾಟಿತು. ಆಮೇಲೆ ಎಲ್ಲರೂ ನನ್ನ ಕೈಯನ್ನು ಹೆಸರಿಗೆ ಮುಟ್ಟಿ, ಸಿಗಲಿಲ್ಲ ಎಂದು ಒಪ್ಪಿಸತೊಡಗಿದರು. ಸತ್ಯ ಹೇಳುವ ಪರೀಕ್ಷೆಗೇ ಬಾಯಿಪಾಠದ ಉತ್ತರ. ಬಾಯಿ ಮಾತ್ರ ತಮ್ಮ ಹುಡುಗಿಯರು ಸುಧಾರಿಸಿದರೆಂದು ಹಿಗ್ಗುತ್ತಿದ್ದರು.

ನಾನು ಹೇಳಹೊರಟ ವರ್ಷ ಕೊನೆಯ ಪರೀಕ್ಷೆಗೆ ನಿಂತವರಲ್ಲಿ ಲಗಮವ್ವ ಎಂಬವಳಿದ್ದಳು. ರಾಯಬಾಗ ತಾಲೂಕಿನ ಪಾಲಬಾವಿಯ ಕುರಿ ಕಾಯುವವರ ಮಗಳು. ಎತ್ತರದ, ಕಪ್ಪಗಿನ, ಬಿರುಸು ಮಾತಿನ ಹುಡುಗಿ. ಬಂದ ಮೊದಲ ವಾರವೇ ಬಾಯಿ, “ನಿನ್ನ ಹೆಸರು ವಾರ್ಡಿನ್ಯಾಗ ಕೂಗಾಕ ಚೆಂದ ಇಲ್ಲವಾ, ಲತಾ ಅಂತ ಕರೀಲೇನು?” ಎಂದು ಪ್ರೀತಿಯಿಂದಲೇ ಕೇಳಿದ್ದರು.

“ಕರೀರಿ ಬಾಯಾರ. ಆದ್ರ ಲತಾ ಅಂದ್ರ ಇಲ್ಲಿ ಯಾರೂ ಓ ಅನ್ನೂದಿಲ್ರಿ,” ಅಂದಿದ್ದಳು. ಅಂದಿನಿಂದ ಇಬ್ಬರ ನಡುವೆ ಒಂದು ಬಿಗಿ ಇತ್ತು.

ಅವಳ ಅಪ್ಪ ತೀರಿಕೊಂಡಿದ್ದ. ಮನೆ ನಡೆಸುವವನು ಅಣ್ಣ. ಒಂದೇ ಒಂದು ಸಲ ಪರೀಕ್ಷೆಗೆ ಕೂಡಲು ಅವನ ಒಪ್ಪಿಗೆ ಇತ್ತು. ಆಗದಿದ್ದರೆ ವಾಪಸು ಬಂದು, ಮಳೆಗಾಲ ಮುಗಿದ ಕೂಡಲೇ ಎಲ್ಲರ ಜೊತೆ ಕುರಿ ಹಿಂದೆ ಹೊರಡಬೇಕು. ಟ್ರೇಗಳನ್ನು ತೊಳೆಯುತ್ತ ನನ್ನ ಮುಂದೆ ಅವಳೇ ಹೇಳಿದ್ದಳು.

“ಕುರಿ ಹಿಂದ ಹೋಗೂದಕ್ಕ ನನಗ ನಾಚಿಕಿ ಇಲ್ರಿ ಮಾಮಾ. ಹುಟ್ಟಿದ್ದ ಅಲ್ಲಿ. ಆದ್ರ ಇಲ್ಲಿಂದ ಸೋತು ಹ್ವಾದ್ಲು ಅನಿಸಿಕೊಂಡು ಹೋಗಾಕ ನನ್ನ ಕಾಲ ಏಳೂದಿಲ್ಲ.”

“ನೀ ಯಾಕ ಸೋಲ್ತಿ ಬಿಡ,” ಅಂದೆ. ಸುಮ್ಮನೆ ಅಂದದ್ದಲ್ಲ. ಇಂಜೆಕ್ಷನ್ ಕೊಡುವುದರಲ್ಲಾಗಲಿ ಗಾಯ ತೊಳೆಯುವುದರಲ್ಲಾಗಲಿ ಅವಳ ಕೈಯಷ್ಟು ಹಗುರವಾದ ಕೈ ಆ ತಂಡದಲ್ಲಿ ಬೇರೆ ಇರಲಿಲ್ಲ.

ಪರೀಕ್ಷೆಗೆ ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ನಮ್ಮ ಬಾಯಿ ಅವರಿಗೆ ತಮ್ಮ ನಾಡಿ ಪರೀಕ್ಷೆಯ ವಿಷಯ ಹೆಮ್ಮೆಯಿಂದ ಹೇಳಿದ್ದರು. ಮೇಡಂಗೆ ಬಹಳ ಹಿಡಿಸಿತು. ಎಲ್ಲ ಕೆಲಸ ನೋಡಿದ ಮೇಲೆ ಕೊನೆಗೆ ಅದನ್ನೂ ಇಡೋಣ, ಅದರಲ್ಲಿ ಸುಳ್ಳು ಹೇಳಿದವಳನ್ನು ನಾನು ಮುಂದೆ ಬಿಡುವುದಿಲ್ಲ ಎಂದರು.

ಬೇಸಿಗೆಯ ಮಧ್ಯಾಹ್ನ. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು. ಕೋಣೆಯಲ್ಲಿ ಬಾಯಿ, ಮೇಡಂ, ಮಂಚದ ಮೇಲೆ ನಾನು. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಬಂದು, ಕೆಲಸ ಮಾಡಿ ತೋರಿಸಿ, ಕೊನೆಗೆ ನನ್ನ ಎಡಗೈ ಹಿಡಿಯುತ್ತಿದ್ದರು. ನಾನು ಬಲ ಮಗ್ಗುಲಿಗೆ, ಒಂದು ಕಿವಿ ದಿಂಬಿಗೆ ಒತ್ತಿಕೊಂಡು ಮಲಗಿದ್ದೆ. ಹಾಗೆ ಮಲಗಿದರೆ ನಮ್ಮ ಎದೆಯ ಬಡಿತ ನಮಗೇ ಕಿವಿಯಲ್ಲಿ ಕೇಳಿಸುತ್ತದೆ, ಬೇಕಾದರೆ ಮಲಗಿ ನೋಡಿ. ಕಂಕುಳಲ್ಲಿ ಉಂಡೆ ಒತ್ತಿ ಹಿಡಿದಾಗಲಂತೂ ಇನ್ನೂ ಜೋರು. ಬಂದವರೆಲ್ಲ ಪಾಠ ಒಪ್ಪಿಸಿದರು: ಸಿಗಲಿಲ್ಲ ಮೇಡಂ, ಇನ್ನೊಂದು ಕೈ ನೋಡ್ತೀನಿ ಮೇಡಂ. ಮೇಡಂ ತಲೆಯಾಡಿಸುತ್ತಿದ್ದರು. ಬಾಯಿಯ ಮುಖ ಅರಳುತ್ತಿತ್ತು.

ಲಗಮವ್ವನ ಸರದಿ ಬಂತು. ಹಾಸಿಗೆ ಬದಲಿಸಿದ್ದು, ಕಟ್ಟು ಕಟ್ಟಿದ್ದು ಎಲ್ಲ ನೋಡಿ ಮೇಡಂ ‘ವಾ’ ಎಂದದ್ದನ್ನು ನಾನೇ ಕೇಳಿದೆ. ಆಮೇಲೆ ಅವಳು ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಿಂತಳು. ಬೇರೆಯವರಿಗಿಂತ ಬಹಳ ಹೊತ್ತು. ಅವಳಿಗೂ ಉತ್ತರ ಗೊತ್ತಿತ್ತು. ಹಾಸ್ಟೆಲಿನಲ್ಲಿ ಗೊತ್ತಿಲ್ಲದವರೇ ಇರಲಿಲ್ಲ.

“ಐತ್ರಿ ಮೇಡಂ. ಎಂಬತ್ನಾಕ. ನಡುನಡುವ ಒಂದೊಂದು ತಪ್ಪತೈತಿ,” ಅಂದಳು.

“ಏನ ಐತಿ?” ಬಾಯಿ ಮುಂದೆ ಬಂದರು.

“ನಾಡಿ ಐತ್ರಿ.”

ಮೇಡಂ ಎದ್ದು ಬಂದು ಅದೇ ಕೈ ಹಿಡಿದರು. ಬಾಯಿಯೂ ಹಿಡಿದರು. ನನ್ನ ಬೆರಳುಗಳು ಮರಗಟ್ಟಿ ತಣ್ಣಗಾಗಿದ್ದವು. ಉಂಡೆ ಜಾರಿತ್ತೇ ಎಂದು ನೀವು ಕೇಳಬಹುದು. ಜಾರಿರಲಿಲ್ಲ. ಅವರಿಬ್ಬರಿಗೂ ಏನೂ ಸಿಗಲಿಲ್ಲ.

“ಇಲ್ಲಿ ನಾಡಿ ಇಲ್ಲಮ್ಮ. ಗಾಬರಿಯಲ್ಲಿ ನಿನ್ನ ಬೆರಳಿನ ಬಡಿತವನ್ನೇ ನೀನು ಎಣಿಸಿರಬಹುದು, ಹಾಗಾಗುವುದುಂಟು. ಇನ್ನೊಮ್ಮೆ ನೋಡು. ಇಲ್ಲ ಅನಿಸಿದರೆ ಇಲ್ಲ ಅನ್ನು, ತಪ್ಪಿಲ್ಲ,” ಎಂದರು ಮೇಡಂ. ಒಳ್ಳೆಯ ಹೆಂಗಸು. ದಾರಿ ತೆರೆದುಕೊಟ್ಟರು.

ಲಗಮವ್ವ ಮತ್ತೆ ಹಿಡಿದಳು. “ಈಗೂ ಐತ್ರಿ. ಮೊದಲಿಗಿಂತ ಜೋರ ಓಡಾಕತ್ತೈತಿ. ಮಾಮಾ ಹೆದರ್ಯಾರ.”

ನಿಜವಾಗಿ ಹೆದರಿದ್ದೆ. ದಿಂಬಿನೊಳಗೆ ನನ್ನ ಎದೆ ದಬದಬ ಎನ್ನುತ್ತಿತ್ತು.

ಬಾಯಿಗೆ ಸಿಟ್ಟು ನೆತ್ತಿಗೇರಿತು. ಹೊರಗಿನವರ ಎದುರು ತಮ್ಮ ಶಾಲೆಯ ಮಾನ ಹೋಯಿತೆಂಬ ಸಿಟ್ಟು. “ಯಾರಿಗೂ ಸಿಗದ ನಾಡಿ ನಿನಗೊಬ್ಬಾಕಿಗೆ ಸಿಗತೈತೇನು? ಅಷ್ಟ ದೊಡ್ಡಾಕಿ ಇದ್ರ ಕೈ ಯಾಕ ಹಿಡೀತಿ? ಬಿಡು. ಹೋಗಿ ಆ ಕಿಟಕಿ ಹಂತ್ಯಾಕ ನಿಂತು ಎಣಸು, ನೋಡೂಣು!”

ಅದು ಬಯ್ಗುಳ, ಅಪ್ಪಣೆಯಲ್ಲ. ಬೇರೆ ಯಾರಾದರೂ ಆಗಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದರು. ಲಗಮವ್ವ ನನ್ನ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟಳು. ಮೇಜಿನ ಮೇಲಿದ್ದ ಟ್ರೇ ಒಂದನ್ನೂ ಚಿಮಟವನ್ನೂ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು. ಚಿಮಟದಿಂದ ಟ್ರೇಯ ಅಂಚಿಗೆ ಬಡಿಯತೊಡಗಿದಳು. ಟಣ್, ಟಣ್, ಟಣ್.

ಸಿಟ್ಟಿಗೆ ಬಡಿಯುತ್ತಿದ್ದಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಮೈ ಬೆವೆತಿತು. ಅವಳ ಒಂದೊಂದು ಪೆಟ್ಟೂ ನನ್ನ ಕಿವಿಯೊಳಗಿನ ಬಡಿತದ ಮೇಲೇ ಬೀಳುತ್ತಿತ್ತು. ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ. ನನ್ನ ಎದೆಬಡಿತ ಹರೆಯದಿಂದಲೂ ಆಗಾಗ ಒಂದು ಹೆಜ್ಜೆ ತಪ್ಪುತ್ತದೆ. ತಪ್ಪಿದಾಗ ಚಿಮಟವೂ ಗಾಳಿಯಲ್ಲಿ ನಿಂತು, ಮುಂದಿನದಕ್ಕೆ ಸರಿಯಾಗಿ ಇಳಿಯಿತು. ಇದು ಯೋಗಾಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ಪರೀಕ್ಷಿಸೋಣ ಎಂದು ಉಸಿರು ಬಿಗಿಹಿಡಿದೆ. ಕಣ್ಣಿಗೆ ಕತ್ತಲೆ ಬರುವವರೆಗೆ ಹಿಡಿದೆ. ಬಡಿತ ನಿಧಾನವಾಯಿತು. ಟ್ರೇಯ ಸದ್ದೂ ನಿಧಾನವಾಯಿತು. ಉಸಿರು ಬಿಟ್ಟೆ. ಎದೆ ಓಡಿತು. ಚಿಮಟವೂ ಓಡಿತು.

ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಕಿಟಕಿಗೆ ಗಾಜಿರಲಿಲ್ಲ, ಅದರಲ್ಲಿ ನನ್ನ ಬಿಂಬ ನೋಡಿದಳು ಎನ್ನಲು. ಹೊರಗೆ ಬೇವಿನ ಮರ, ಅದರ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದ ರೋಗಿಗಳ ಮನೆಯವರು. ಹಾಡುಹಗಲು. ಆ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿದ್ದವರು ಇಬ್ಬರೇ. ಉಳಿದಿಬ್ಬರಿಗೆ ಅದು ಒಬ್ಬ ಹಟಮಾರಿ ಹುಡುಗಿ ಟ್ರೇ ಬಡಿಯುವ ಸದ್ದು.

“ಸಾಕು, ನಿಲ್ಲಿಸು,” ಎಂದರು ಮೇಡಂ.

ಅವಳು ನಿಲ್ಲಿಸಿದಳು. ತಿರುಗಿದಳು. ಮೇಡಂ ಕಡೆ ನೋಡಲಿಲ್ಲ, ಬಾಯಿಯ ಕಡೆ ನೋಡಲಿಲ್ಲ, ನೇರವಾಗಿ ನನ್ನನ್ನು ನೋಡಿದಳು.

“ಮಾಮಾ, ನೀವ ಹೇಳ್ರಿ. ಸರಿ ಬಿತ್ತೋ ಇಲ್ಲೋ?”

ಮೇಡಂ ಕೂಡ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ತಿರಸ್ಕಾರವಿರಲಿಲ್ಲ. ನಾನು ಒಂದು ಮಾತು ಹೇಳಿದ್ದರೆ ಕೇಳುತ್ತಿದ್ದರು ಎಂದೇ ಇವತ್ತಿಗೂ ನನಗೆ ಅನಿಸುತ್ತದೆ. ನಂಬುತ್ತಿದ್ದರೋ ಇಲ್ಲವೋ, ಇನ್ನೊಂದು ಸಲ ನೋಡೋಣ ಎಂದಾದರೂ ಅನ್ನುತ್ತಿದ್ದರು.

ನಾನು ಅಂದದ್ದು ಇಷ್ಟು: “ನನಗೇನ ತಿಳೀತೈತವ್ವಾ, ನಾ ಮಲಗಿದಾಂವ.”

ಲಗಮವ್ವ ಟ್ರೇಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು. ಮೇಡಂ, “ನೋಡು, ನಿನ್ನ ಕೈ ಒಳ್ಳೆಯದು. ಆದರೆ ಇಲ್ಲದ್ದನ್ನು ಇದೆ ಎನ್ನುವವಳ ಕೈಗೆ ನಾನು ರೋಗಿಯನ್ನು ಒಪ್ಪಿಸಲಾರೆ,” ಎಂದರು. ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ. ಅವರ ಬೆರಳಿಗೆ ಸಿಕ್ಕಿದ್ದನ್ನೇ ಅವರು ನಂಬಿದರು.

“ನೀವು ನಪಾಸ ಮಾಡ್ರಿ ಮೇಡಂ. ನಾ ಇಲ್ಲ ಅನ್ನೂದಿಲ್ರಿ,” ಎಂದು ಹೇಳಿ ಲಗಮವ್ವ ಹೊರಗೆ ನಡೆದಳು.

ಸಂಜೆ ಬಾಯಿ ನನ್ನನ್ನು ಕರೆದರು. ಅವರ ಕಣ್ಣು ಕೆಂಪಾಗಿದ್ದವು. “ಸಿಗಲಿಲ್ಲ ಅಂತ ಒಂದ ಮಾತ ಅಂದಿದ್ರ ಮುಗೀತಿತ್ತೋ. ಎಲ್ಲಾರಕ್ಕಿಂತ ಛಲೋ ಹುಡುಗಿ. ಹಟ ಮಾಡಿ ಹಾಳ ಮಾಡಿಕೊಂಡ್ಲು ನೋಡ,” ಎಂದರು. ಆಗಲೂ ನಿಜ ನನ್ನ ತುಟಿಯವರೆಗೆ ಬಂದಿತ್ತು. “ಹೌದ್ರಿ” ಎಂದು ಹೇಳಿ ಬಂದೆ.

ಮರುದಿನ ಬೆಳಿಗ್ಗೆ, ಮೊದಲೇ ಗೊತ್ತುಮಾಡಿದ್ದಂತೆ, ಅವಳ ಅಣ್ಣ ಬಂದ. ಪೆಟ್ಟಿಗೆ ಹೊತ್ತುಕೊಳ್ಳಲು ನಾನು ಮುಂದಾದೆ. “ಬ್ಯಾಡ್ರಿ ಮಾಮಾ, ಅದರಾಗೇನೂ ಭಾರ ಇಲ್ಲ,” ಎಂದು ತಾನೇ ಎತ್ತಿಕೊಂಡಳು. ಅಳುತ್ತಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ಕಿಟಕಿಯಲ್ಲಿ ಗುಂಪಾಗಿ ನಿಂತಿದ್ದರು, ಎಲ್ಲರೂ ಪಾಸಾದವರು. ಅವಳು ಅವರಿಗೆ ಕೈ ಬೀಸಿ, ಅಣ್ಣನ ಮುಂದೆ ಮುಂದೆ ನಡೆದಳು, ಅವನೇ ಅವಳ ಹಿಂದೆ ಬಿದ್ದವನಂತೆ.

ಆಮೇಲೆ ನಾನು ರೋಗಿಯಾಗಿ ಮಲಗಲಿಲ್ಲ. ಬಾಯಿ ಬಹಳ ಬಯ್ದರು, ಕೆಲಸ ಬಿಡಿಸುತ್ತೇನೆಂದರು. ಬಿಡಿಸಿ ಎಂದೆ. ಬಿಡಿಸಲಿಲ್ಲ. ಆ ಧೈರ್ಯ ಪರೀಕ್ಷೆಯ ದಿನ ಎಲ್ಲಿ ಹೋಗಿತ್ತು ಎಂದು ಯಾರೂ ಕೇಳಲಿಲ್ಲ.

ಕೆಲವು ವರ್ಷಗಳಾದ ಮೇಲೆ, ನನ್ನ ಎದೆಯ ತೊಂದರೆ ತೋರಿಸಿಕೊಳ್ಳಲು ಅಥಣಿಯ ಒಬ್ಬ ಡಾಕ್ಟರ ಹತ್ತಿರ ಹೋದಾಗ ಇದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕೈ ಹಿಡಿದಾಗ ಅವಳ ಬೆರಳಿಗೆ ಸಣ್ಣದೊಂದು ಮಿಡಿತ ಸಿಕ್ಕಿದ್ದಿರಬಹುದು, ಕೆಲವರ ಬೆರಳು ಬಹಳ ಸೂಕ್ಷ್ಮ ಎಂದರು. ಅದನ್ನು ಒಪ್ಪಿದೆ. ಮತ್ತೆ ಕಿಟಕಿಯ ಹತ್ತಿರ? ಅದಕ್ಕೆ ಅವರು ನಗುತ್ತ, “ಅವಳು ನಿಮ್ಮ ಎದೆ ಕೇಳಿ ಬಡಿಯಲಿಲ್ಲ, ಅವಳು ಬಡಿದದ್ದನ್ನು ಕೇಳಿ ನಿಮ್ಮ ಎದೆ ಹಾಗೆ ಓಡಿತು. ಹೆದರಿದ ಮನುಷ್ಯನಿಗೆ ಏನು ಬೇಕಾದರೂ ಆಗುತ್ತದೆ,” ಎಂದರು.

ಆ ಮಾತು ನನ್ನನ್ನು ಇನ್ನಷ್ಟು ಹೆದರಿಸಿತು. ಉಸಿರು ಹಿಡಿದವನು ನಾನು, ಬಿಟ್ಟವನು ನಾನು, ಅದನ್ನು ಅವಳು ನನಗೆ ಹೇಳಿಕೊಡಲಿಲ್ಲವಲ್ಲ ಎಂದು ವಾದಿಸಿದೆ. “ಎಷ್ಟೋ ವರ್ಷದ ಹಿಂದಿನದು, ನಿಮಗೆ ಹಾಗೆ ನೆನಪಿದೆ,” ಎಂದರು. ನಾನು ಎದ್ದು ಬಂದೆ. ನನ್ನ ಎದೆಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಕುರಿ ಕಾಯುವವರಿಗೆ ಮೂಕಪ್ರಾಣಿಯ ಮೈ ದೂರದಿಂದಲೇ ತಿಳಿಯುತ್ತದೆ ಎಂದು ಊರಲ್ಲಿ ಕೆಲವರು ಹೇಳಿದರು. ಅದೂ ಸುಳ್ಳು. ಆ ಮಾತು ಹೇಳಿದವರಲ್ಲಿ ಯಾರೂ ಒಂದು ದಿನವೂ ಕುರಿ ಕಾದವರಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಲಗಮವ್ವ ದಿಗ್ಗೇವಾಡಿಯಲ್ಲಿದ್ದಾಳೆಂದು ಅಲ್ಲಿಂದ ಬಂದಿದ್ದ ಒಬ್ಬ ರೋಗಿಯಿಂದ ತಿಳಿಯಿತು. ನಾಲ್ಕೈದು ವರ್ಷ ಕುರಿ ಹಿಂದೆ ತಿರುಗಿ, ಆಮೇಲೆ ಅಲ್ಲಿಗೆ ಮದುವೆಯಾಗಿ ಹೋಗಿದ್ದಳಂತೆ. ರಾಯಬಾಗಕ್ಕೆ ಹೋಗಿ ಅಲ್ಲಿಂದ ಟೆಂಪೋ ಹಿಡಿದು ಹೋದೆ. ಕೃಷ್ಣೆಯ ಕಡೆಗೆ ಇಳಿಯುವ ದಾರಿಯಲ್ಲಿ ಮನೆ. ಅಂಗಳದಲ್ಲಿ ಎರಡು ಎಮ್ಮೆ ಕಟ್ಟಿದ್ದವು. ಅವಳು ಕುಡಗೋಲಿಟ್ಟುಕೊಂಡು ಎಮ್ಮೆಗಳಿಗೆ ಕಬ್ಬಿನ ಸೋಗೆ ಕತ್ತರಿಸುತ್ತಿದ್ದಳು. ನೋಡಿದ ಕೂಡಲೇ ಗುರುತು ಹಿಡಿದಳು.

“ಮಾಮಾ, ಬರ್ರಿ. ಬಾಳ ಮುದುಕ ಆಗೀರಲ್ರಿ,” ಎಂದು ನಕ್ಕು, ಒಳಗೆ ಅತ್ತೆಗೆ ಚಹಾ ಇಡಲು ಕೂಗಿ ಹೇಳಿದಳು. ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

ನಾನು ಕಟ್ಟೆಯ ಮೇಲೆ ಕೂತು, ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಮರೆತು, “ಅವತ್ತು ಸರಿ ಬಿದ್ದಿತ್ತವ್ವಾ. ಎಲ್ಲಾ ಸರಿ ಬಿದ್ದಿತ್ತು. ನಾ ಸುಳ್ಳ ಹೇಳಿದೆ,” ಅಂದೆ.

“ನನಗ ಗೊತ್ತೈತ್ರಿ,” ಅಂದಳು.

ಅವಳು ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಆಗ, ಇಷ್ಟು ವರ್ಷ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. “ಕೈ ಬಿಟ್ಟ ಮ್ಯಾಲೂ ನಿನಗ ಹೆಂಗ ತಿಳೀತು? ಏನ ಕೇಳಿಸ್ತು ನಿನಗ?”

ಅವಳ ಕುಡಗೋಲು ನಿಂತಿತು.

“ಅದನ್ನ ಕೇಳಾಕ ಬಂದ್ರೇನು ಇಷ್ಟ ದೂರ?” ಎಂದಳು. ದನಿ ಎತ್ತರಿಸಲಿಲ್ಲ. “ನಾ ಎಣಸಾಕತ್ತಿದ್ದೆ, ಬಾಯಾರು ಕೈ ಬಿಡು ಅಂದ್ರು, ಬಿಟ್ಟೆ. ಎಣಿಕಿ ಬಿಡಲಿಲ್ಲ. ನನಗ ಅದರಾಗ ಏನೂ ವಿಚಿತ್ರ ಅನಸಲಿಲ್ರಿ. ನಂದ ಬಿಡ್ರಿ. ನಿಮ್ಮ ಎದಿ ನಿಮ್ಮ ಕಿವ್ಯಾಗ ಬಡಿಯಾಕತ್ತಿತ್ತು. ಆಜೂಬಾಜೂ ಬ್ಯಾರೆ ಸದ್ದ ಇರಲಿಲ್ಲ. ಅಷ್ಟಾದ್ರೂ ನನಗೇನ ತಿಳೀತೈತಿ ಅಂದ್ರಿ. ಅದ ಹೆಂಗ ಆತ್ರಿ ಮಾಮಾ? ಇಷ್ಟ ವರ್ಸ ವಿಚಾರ ಮಾಡೇನಿ, ಅದ ನನಗ ತಿಳೀವಲ್ದು.”

ಕೆಲಸ ಹೋಗುತ್ತದೆಂಬ ಭಯ ಎನ್ನಬೇಕೆಂದುಕೊಂಡೆ. ನಾನೇ ಹುಡುಗಿಯರಿಗೆ ಉತ್ತರ ಹೇಳಿಕೊಟ್ಟದ್ದು ಹೊರಬೀಳುತ್ತದೆ ಎಂಬ ಭಯ ಎನ್ನಬೇಕೆಂದುಕೊಂಡೆ. ನಗುತ್ತಾರೆಂದು, ಹುಚ್ಚನೆನ್ನುತ್ತಾರೆಂದು, ನನ್ನೊಳಗಿನದು ಇನ್ನೊಬ್ಬರಿಗೆ ಕೇಳಿಸಿತೆಂಬ ಗಾಬರಿ ಎಂದು. ಒಂದೊಂದನ್ನೂ ನಾಲಿಗೆಯ ತುದಿಯವರೆಗೆ ತಂದು ನೋಡಿದೆ. ಅವಳ ಎದುರು ಹೇಳುವಷ್ಟು ತೂಕ ಒಂದಕ್ಕೂ ಇರಲಿಲ್ಲ. ಅವತ್ತು ನನ್ನನ್ನು ಕೇಳಿದ್ದು ಬರೀ ಹೌದೋ ಅಲ್ಲವೋ ಎಂದು.

ಅತ್ತೆ ಚಹಾ ತಂದಿಟ್ಟು, “ಆರತೈತಿ ಕುಡೀರಿ,” ಎಂದು ಹೋದಳು. ಕುಡಿದೆ. ಅದು ಮುಗಿಯುವವರೆಗೆ ಲಗಮವ್ವ ಕುಡಗೋಲು ಮುಟ್ಟಲಿಲ್ಲ. ಆಮೇಲೆ ಸೋಗೆಯನ್ನು ಬಾಚಿಕೊಂಡು ಎಮ್ಮೆಗಳ ಕಡೆ ಹೋದಳು.

ಈಗ ಎಷ್ಟೋ ವರ್ಷವಾಗಿದೆ. ಬಾಯಿ ಇಲ್ಲ. ಆ ಮೇಡಂ ಎಲ್ಲಿದ್ದಾರೋ ತಿಳಿಯದು. ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತವಳಿಗೆ ನನ್ನ ಎದೆ ಹೇಗೆ ತಿಳಿಯಿತು ಎಂಬುದನ್ನು ನಾನು ಬಿಡಿಸಲಾರೆ, ಬಿಡಿಸಿದವರನ್ನೂ ಕಾಣೆ. ಅವಳು ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ. ಇವೆರಡರಲ್ಲಿ ಯಾವುದು ದೊಡ್ಡ ವಿಚಿತ್ರವೋ ನನಗೆ ಹೇಳಲು ಬರುವುದಿಲ್ಲ. ಆದರೆ ಆ ಮಧ್ಯಾಹ್ನದ ಫಲಿತಾಂಶದ ವಿಷಯದಲ್ಲಿ ಮಾತ್ರ ನಾನು ಯಾರ ಜೊತೆಗೂ ವಾದಕ್ಕೆ ಸಿದ್ಧ. ಅವಳು ಸುಳ್ಳು ಹೇಳಿರಲಿಲ್ಲ. ನಾಡಿ ಹುಡುಕದೆಯೇ ಬಾಯಿಪಾಠ ಒಪ್ಪಿಸಿದ ಅಷ್ಟೂ ಹುಡುಗಿಯರ ನಡುವೆ ಸಿಕ್ಕಿದ್ದನ್ನು ಸಿಕ್ಕಿತು ಎಂದವಳು ಅವಳೊಬ್ಬಳು. ಡಾಕ್ಟರು ಏನೇ ಹೇಳಲಿ, ನನ್ನ ಮಕ್ಕಳು ಏನೇ ಹೇಳಲಿ, ಆ ಪರೀಕ್ಷೆಯ ರೋಗಿ ನಾನು. ಲಗಮವ್ವ ಪಾಸಾಗಿದ್ದಳು.